ನೊಲಾರಿಯ ಕುರಿಗಳಿಗೆ ಮುಚ್ಚಿದ ಬೇಲಿ

ಕುರಿಯೆಂದರೆ ನಮ್ಮ ಹಟ್ಟಿಯ ಗಂಡಸರಿಗೆ ಅಸಡ್ಡೆ. ಹಸುವಿನ ಹೆಸರು ಹಿಡಿದು ಹಾಡು ಕಟ್ಟುತ್ತಾರೆ. ಕುರಿಯ ಮೇಲೆ ಒಬ್ಬನಾದರೂ ಹಾಡಿದ್ದನ್ನು ನಾನು ಕೇಳಿಲ್ಲ. ಆದರೆ ಹಸುವಿನ ಉಪ್ಪಿಗೆ, ಔಷಧಿಗೆ, ಮಕ್ಕಳ ಫೀಸಿಗೆ ಸಂತೆ ಕಾಣುವುದು ಕುರಿಯೇ. ಕುರಿ ಹೋಗುವುದರಿಂದಲೇ ಹಸು ಕೊಟ್ಟಿಗೆಯಲ್ಲಿ ಉಳಿಯುತ್ತದೆ.

ನನ್ನ ನೆರೆಮನೆಯ ವಿಧವೆ ನೊಲಾರಿಯ ಬದುಕು ನಿಂತಿದ್ದು ಕುರಿಗಳ ಮೇಲೆ. ಬೇಸಿಗೆಗೆಂದು ಹಟ್ಟಿಯವರೆಲ್ಲ ಬೇಲಿ ಕಟ್ಟಿ ಕಾದಿಟ್ಟ ಹುಲ್ಲುಗಾವಲಿನಲ್ಲಿ ಹಸುಗಳ ಬೆನ್ನಿಗೇ ಕುರಿಗಳನ್ನು ಬಿಡುತ್ತಿದ್ದಳು. ಹಸು ಎತ್ತರದ ಹುಲ್ಲನ್ನು ಎಳೆದುಕೊಂಡರೆ, ಬುಡದ ಗರಿಕೆಯೂ ಹಸು ಮೂಸದ ಕಳೆಯೂ ಕುರಿಯ ಪಾಲು. ಒಬ್ಬರ ಬಾಯಿಗೆ ಇನ್ನೊಬ್ಬರು ಅಡ್ಡವಿಲ್ಲ.

ಕಳೆದ ಬೇಸಿಗೆಯಲ್ಲಿ ಹಟ್ಟಿಯ ಹಿರಿಯ ಮೆಪುಕೊರಿ ಸಭೆ ಕರೆದು, ಕುರಿ ಹುಲ್ಲನ್ನು ಬೇರುಸಮೇತ ಕಿತ್ತುಬಿಡುತ್ತದೆ, ಇನ್ನು ಬೇಲಿಯೊಳಗೆ ಹಸು ಮಾತ್ರ ಎಂದ. ನೊಲಾರಿ ಎದ್ದು ನಿಂತು ಬೇಡಿಕೊಂಡಳು. ಹೆಂಗಸರ ಕುರಿಗೆ ಸಭೆ ಯಾಕೆ ಎಂದು ನಕ್ಕು ಕೂರಿಸಿದರು. ಕುರಿಗಳು ಕಲ್ಲುಗುಡ್ಡದ ಪಾಲಾದವು.

ಎರಡು ತಿಂಗಳಲ್ಲಿ ಎಲ್ಲರ ಕುರಿಗಳೂ ಸೊರಗಿದವು. ವ್ಯಾಪಾರಿ ತಿರುಗಿಯೂ ನೋಡಲಿಲ್ಲ. ಫೀಸು ಕಟ್ಟಲು ಗಂಡಸರು ಹಾಲು ಕೊಡುವ ಹಸುಗಳನ್ನೇ ಸಂತೆಗೆ ಹೊಡೆದರು. ಬೇಲಿಯೊಳಗೆ ಕಳೆ ಮೊಣಕಾಲೆತ್ತರ ನಿಂತಿತ್ತು. ಆದರೂ ಬೇಲಿ ತೆಗೆಯಲಿಲ್ಲ. ಹಟಕ್ಕೆ ಹುಲ್ಲು ಬೇಕಿಲ್ಲವಲ್ಲ!

ಅಷ್ಟರಲ್ಲಿ ಮೆಪುಕೊರಿಯ ಸೊಸೆ ಗಂಡು ಹೆತ್ತಳು. ನಮ್ಮಲ್ಲಿ ಬಾಣಂತಿಗೆ ಟಗರಿನ ದಪ್ಪ ಬಾಲದ ಕೊಬ್ಬು ಕಾಯಿಸಿ ಕುಡಿಸದಿದ್ದರೆ ಮನೆಗೇ ಮಾನವಿಲ್ಲ. ಕೊಬ್ಬಿದ ಟಗರಿಗೆ ಹೆಸರಾದವಳು ನೊಲಾರಿ. ಮೆಪುಕೊರಿ ಅವಳ ಬಾಗಿಲಿಗೇ ಬಂದ. ಅವಳು ಇದ್ದುದರಲ್ಲಿ ದೊಡ್ಡ ಟಗರನ್ನು ಎಳೆದು ತಂದು ನಿಲ್ಲಿಸಿದಳು.

"ಬಾಲ ಮುಟ್ನೋಡಿ ಯಜಮಾನ್ರೆ," ಎಂದಳು. "ಅಂಗೈಯಗಲ ಇರ್ತಿತ್ತು. ಈಗ ಬರೀ ತೊಗಲು. ಬಾಣಂತಿಗೆ ಏನ್ ಕೊಡ್ತೀರಿ? ನಿಮ್ಮ ತೀರ್ಮಾನಾನೇ ಕಾಯ್ಸಿ ಕುಡಿಸ್ತೀರಾ?"

ಅವನು ಬಾಲ ಮುಟ್ಟಿದ. ಟಗರನ್ನು ಅಲ್ಲೇ ಬಿಟ್ಟು ಹೋದ.

ಮರುದಿನ ಬೆಳಿಗ್ಗೆ ಬೇಲಿಯ ಮುಳ್ಳನ್ನು ತಾನೇ ಎಳೆದು ಹಾಕಿ, ಹಸು ಮುಂದೆ, ಕುರಿ ಹಿಂದೆ ಎಂದು ಅಪ್ಪಣೆ ಕೊಟ್ಟ. ಆ ಬಾಣಂತಿ ಮಾತ್ರ ಕೊಬ್ಬಿಲ್ಲದ ಗಂಜಿ ಕುಡಿದುಕೊಂಡೇ ಎದ್ದಳು. ಹಟ್ಟಿಯ ಹಸುಗಳು ಹೋದಾಗ ತೆರೆಯದ ಬೇಲಿ, ಒಬ್ಬ ವಿಧವೆ ಗೋಗರೆದಾಗ ತೆರೆಯದ ಬೇಲಿ, ಅವನ ಮನೆಯ ಮಾನಕ್ಕೆ ತೆರೆಯಿತು. ಅದಕ್ಕೇ ನನಗೆ ಸಿಟ್ಟು. ಸಂಜೆ ಹಿರಿಯರೆಲ್ಲ ಕೂಡಿ ಮೆಪುಕೊರಿಯ ಬುದ್ಧಿಯನ್ನು ಕೊಂಡಾಡಿದರು. ನೊಲಾರಿಯ ಹೆಸರನ್ನು ಒಬ್ಬರೂ ಎತ್ತಲಿಲ್ಲ.