ಮೌಸ್ ಇಲ್ಲದ ಮೇಜು

2022ರ ಬೇಸಿಗೆ. ಸಿಂಧನೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ತೆರೆದು ಆಗಲೇ ಬಹಳ ವರ್ಷ ಕಳೆದಿದ್ದವು. ಮಸ್ಕಿ, ಲಿಂಗಸುಗೂರಿನ ಗಿರಾಕಿಗಳ ಬಳಿಗೂ ನಾನೇ ಬೈಕಿನಲ್ಲಿ ಹೋಗಿ ಬರುತ್ತಿದ್ದೆ. ಕೆಟ್ಟ ಮಿಷಿನ್ ಕಂಡರೆ ನನಗೆ ಬೇಸರವಿಲ್ಲ. ಆದರೆ ನೋಡದೆಯೇ "ಆಗೂದಿಲ್ಲ" ಎನ್ನುವವರನ್ನು ಕಂಡರೆ ಮೈ ಉರಿಯುತ್ತದೆ. ಆ ಬೇಸಿಗೆಯಲ್ಲಿ ಹಾಗೆಂದವನು ಶರಣಪ್ಪ.

ಶರಣಪ್ಪನದು ಲಿಂಗಸುಗೂರಿನಲ್ಲಿ ಟೈಪಿಂಗ್ ಅಂಗಡಿ. ಖರೀದಿ ಪತ್ರ, ಪಾಲುಪತ್ರ, ಅಫಿಡವಿಟ್ ಎಲ್ಲವೂ ಅಲ್ಲಿ ತಯಾರಾಗುತ್ತಿದ್ದವು. ಅಂಗಡಿ ನಡೆಯುತ್ತಿದ್ದದ್ದು ಶಾಹೀನಾಳ ಬೆರಳುಗಳ ಮೇಲೆ. ಮನೆಯಲ್ಲಿ ದಖನಿ ಉರ್ದು ಮಾತಾಡುವ ಈಕೆ ಕನ್ನಡ ಟೈಪು ಮಾಡಲು ಕುಳಿತರೆ ನಿಂತು ನೋಡಬೇಕು, ಅಂಥ ವೇಗ. ಗಿರಾಕಿಗಳ ಪೆನ್‌ಡ್ರೈವ್‌ನಿಂದ ವೈರಸ್ ಹತ್ತಿ ಹತ್ತಿ ಸಾಕಾಗಿ, ಆ ಅಂಗಡಿಯ ಕಂಪ್ಯೂಟರಿಗೆ ನಾನೇ ವಿಂಡೋಸ್ ತೆಗೆದು ಲಿನಕ್ಸ್ ಹಾಕಿಕೊಟ್ಟಿದ್ದೆ.

ಆ ವರ್ಷ ಆಟೋ ಪಲ್ಟಿಯಾಗಿ ಶಾಹೀನಾಳ ಬಲ ಮಣಿಕಟ್ಟು ಮುರಿಯಿತು. ಮೂಳೆ ಕೂಡಿತು, ಬಿಗಿತ ಹೋಗಲಿಲ್ಲ. ಕೀಬೋರ್ಡಿನ ಮೇಲೆ ಬೆರಳು ಮೊದಲಿನಂತೆಯೇ ಓಡುತ್ತಿದ್ದವು, ಆದರೆ ಮೌಸ್ ಹಿಡಿದು ಎಳೆದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಎಡಗೈಯಲ್ಲಿ ಹಿಡಿದರೆ ಬಾಣ ಪರದೆಯ ತುಂಬ ಅಡ್ಡಾಡುತ್ತಿತ್ತು, ಗಿರಾಕಿಗಳು ಗೊಣಗುತ್ತಿದ್ದರು. ಶರಣಪ್ಪ ಮಸ್ಕಿಯ ಒಬ್ಬ ಆಪರೇಟರ್ ಜೊತೆ ಮಾತಾಡಿಟ್ಟು, ನನಗೆ ಫೋನ್ ಮಾಡಿದ.

"ಸೋಮವಾರದಿಂದ ಬ್ಯಾರೆ ಆಪರೇಟರ್ ಬರ್ತಾನ. ಆಕಿ ಪಾಸ್‌ವರ್ಡ್ ತಗದು ಕೊಡು."

ನಾನು ಹೋದಾಗ ಶಾಹೀನಾ ಕುರ್ಚಿ ಬಿಟ್ಟು ಏಳಲಿಲ್ಲ.

"ಅಣ್ಣಾ, ನನ್ನ ಬೆರಳಿಗೆ ಏನೂ ಆಗಿಲ್ಲ. ಈ ಇಲಿ ಒಂದು ಇಲ್ಲದಂಗ ಮಾಡಿಕೊಡು. ಕುರ್ಚಿ ನಾ ಬಿಡೂದಿಲ್ಲ," ಎಂದಳು.

"ಮೌಸ್ ಇಲ್ದ ಕಂಪ್ಯೂಟರ್ ನಡೀತೈತೇನು? ಆಗೂದಿಲ್ಲ ಬಿಡು," ಎಂದ ಶರಣಪ್ಪ.

ಸೋಮವಾರದವರೆಗೆ ಟೈಮ್ ಕೊಡು ಎಂದು ನಾನು ಬ್ಯಾಗು ಬಿಚ್ಚಿದೆ.

ಇಲ್ಲೊಂದು ತಾಂತ್ರಿಕ ಮಾತು ಹೇಳಲೇಬೇಕು. ತೆರೆದ ಕಿಟಕಿಗಳು ಪರದೆಯ ಮೇಲೆ ಎಲ್ಲಿರಬೇಕು, ಯಾವುದು ಮುಂದೆ, ಯಾವುದು ಎಷ್ಟಗಲ ಎಂದು ನೋಡಿಕೊಳ್ಳುವ ಪ್ರೋಗ್ರಾಂಗೆ ವಿಂಡೋ ಮ್ಯಾನೇಜರ್ ಎನ್ನುತ್ತಾರೆ. ಲಿನಕ್ಸ್‌ನಲ್ಲಿ ಅದನ್ನೊಂದನ್ನೇ ಬದಲಿಸಬಹುದು. ಫೈಲುಗಳಿಗೆ, ಪ್ರಿಂಟರಿಗೆ ಏನೂ ಆಗುವುದಿಲ್ಲ. ಅದರಲ್ಲಿ ಹತ್ತಾರು ಬಗೆಗಳಿವೆ, ಆಯ್ಕೆ ನಮ್ಮದು. ನಾನು ಮೊದಲು ಹಾಕಿದ್ದು ಓಪನ್‌ಬಾಕ್ಸ್ ಎಂಬ ಹಗುರ ಮ್ಯಾನೇಜರ್. ಪ್ರತಿ ಕಿಟಕಿಯೂ ಇಡೀ ಪರದೆ ತುಂಬುವಂತೆ ಮಾಡಿ, ಒಂದು ಕೀ ಒತ್ತಿದರೆ ಮುಂದಿನದು ಬರುವಂತೆ ಕಟ್ಟಿದೆ. ನೋಡಲು ಬಲು ಚೆಂದವಿತ್ತು.

ಮರುದಿನ ಪಾಮನಕಲ್ಲೂರಿನ ಮೂವರು ಅಣ್ಣತಮ್ಮಂದಿರು ಪಾಲುಪತ್ರಕ್ಕೆ ಬಂದರು. ಇಂಥ ಅಂಗಡಿಯಲ್ಲಿ ಒಂದು ರೂಢಿಯಿದೆ. ತಂದೆಯ ಕಾಲದ ಹಳೆಯ ಪತ್ರವನ್ನು ಸ್ಕ್ಯಾನ್ ಮಾಡಿ ಪರದೆಗೆ ತರುತ್ತಾರೆ. ಮನೆಯ ಹಿರಿಯ ಅದರ ಚೆಕ್ಕುಬಂದಿಯ ಮೇಲೆ, ಅಂದರೆ ಹೊಲದ ನಾಲ್ಕು ದಿಕ್ಕಿನ ಗಡಿ ಬರೆದ ಸಾಲಿನ ಮೇಲೆ, ಬೆರಳಿಟ್ಟು ನಿಲ್ಲುತ್ತಾನೆ. ಆ ಸಾಲು ಹೊಸ ಪತ್ರಕ್ಕೆ ಇಳಿಯುವವರೆಗೆ ಬೆರಳು ತೆಗೆಯುವುದಿಲ್ಲ. ಉಳಿದವರು ಆ ಬೆರಳನ್ನೇ ಕಾಯುತ್ತಾರೆ.

ಹಿರಿಯ ಅಮರಪ್ಪ "ಪೂರ್ವಕ್ಕೆ ಹಳ್ಳ" ಎಂಬಲ್ಲಿ ಬೆರಳಿಟ್ಟ. ಶಾಹೀನಾ ಕೀ ಒತ್ತಿದಳು. ಬೆರಳಿನ ಕೆಳಗಿದ್ದ ಹಳೆಯ ಪತ್ರ ಮಾಯವಾಗಿ ಖಾಲಿ ಹಾಳೆ ಬಂತು.

"ನಮ್ಮ ಕಾಗದ ಎಲ್ಲಿ ಹೋತು?" ಎಂದು ಅಮರಪ್ಪ ಬೆರಳನ್ನು ಕಿತ್ತುಕೊಂಡ. ಕಿರಿಯ ತಮ್ಮನಂತೂ, "ಅಣ್ಣ, ನೀ ಏನೋ ಒತ್ತಿದಿ," ಎಂದು ಶುರುಮಾಡಿದ. ಹಳ್ಳದ ಕಡೆಯ ಹೊಲ ಯಾರಿಗೆ ಎಂಬ ಹಳೆಯ ಸಿಟ್ಟು ಅಂಗಡಿಯಲ್ಲೇ ಹೊರಬಿತ್ತು. ಮೂವರೂ ಎದ್ದು ಹೋದರು. ಶರಣಪ್ಪ ನನ್ನತ್ತ ನೋಡಿ ಹಲ್ಲು ಕಿರಿದ. ಆ ನಗು ನೋಡಿ ನನ್ನ ಹಟ ಇಮ್ಮಡಿಯಾಯಿತು.

ಶಾಹೀನಾ ಅಳಲೂ ಇಲ್ಲ, ನನ್ನನ್ನು ಬೈಯಲೂ ಇಲ್ಲ. ಪರದೆಯತ್ತ ಬೆರಳು ತೋರಿಸಿ ಹೇಳಿದಳು:

"ಅಣ್ಣಾ, ಒಬ್ಬರ ಹೊಲದ ಮ್ಯಾಲೆ ಇನ್ನೊಬ್ಬರ ಹೊಲ ಇರತೈತೇನು? ಬಾಜೂಕ ಬಾಜು ಇರತೈತಿ, ನಡುವ ಬದು ಇರತೈತಿ. ಇದನ್ನೂ ಹಂಗ ಮಾಡು. ಹಳೇ ಕಾಗದ ಎಡಕ, ಹೊಸಾದು ಬಲಕ. ಯಾವುದೂ ಮರೆ ಆಗಬಾರದು."

ಟೈಲಿಂಗ್ ವಿಂಡೋ ಮ್ಯಾನೇಜರ್ ಎಂದರೆ ಇದೇ. ಅದರಲ್ಲಿ ಕಿಟಕಿಗಳು ಒಂದರ ಮೇಲೊಂದು ಬೀಳುವುದಿಲ್ಲ, ಪರದೆಯನ್ನು ಪಾಲು ಮಾಡಿಕೊಂಡು ಪಕ್ಕಪಕ್ಕ ಕೂರುತ್ತವೆ. ಅಂಥದ್ದೇ ಒಂದಾದ ಐ-ತ್ರೀ (i3) ಎಂಬುದನ್ನು ಹಾಕಿ ಅದರ ಸೆಟ್ಟಿಂಗ್ ಫೈಲ್ ತೆರೆದೆ. ಅದು ಬರೀ ಅಕ್ಷರಗಳ ಫೈಲು, ಬರೆದಂತೆ ಕೇಳುತ್ತದೆ. ಶಾಹೀನಾ ಪಕ್ಕದಲ್ಲಿ ಕುಳಿತು ಒಂದೊಂದು ಕೀಯನ್ನೂ ತನ್ನ ಕೈಗೆ ತಕ್ಕಂತೆ ಕೇಳಿ ಹಾಕಿಸಿಕೊಂಡಳು. ಒಂದು ಕಿಟಕಿಯಿಂದ ಇನ್ನೊಂದಕ್ಕೆ ಹೋಗುವ ಕೀಗಳೆಲ್ಲ ಎಡಗೈ ಬೆರಳಿಗೆ ಬಂದವು. ಹಳೆಯ ಪತ್ರವನ್ನು ಮೇಲೆ ಕೆಳಗೆ ಸರಿಸುವುದೂ ಅದೇ ಕೈಗೆ. ಎರಡು ಕಿಟಕಿಗಳ ನಡುವೆ ದಪ್ಪನೆಯ ಹಸಿರು ಗೆರೆ ಬೇಕೆಂದಳು, ಬದು ಕಾಣಲಿ ಎಂದು. ಕನ್ನಡ-ಇಂಗ್ಲಿಷ್ ಬದಲಿಸುವ ಕೀಗೆ ನಾನು ಕೈ ಹಾಕಿದಾಗ ಮಾತ್ರ ಗದರಿದಳು: "ಅದು ನನ್ನ ಬೆರಳಾಗ ಕುಂತೈತಿ, ಮುಟ್ಟಬ್ಯಾಡ."

ಸೋಮವಾರ ಅಮರಪ್ಪನನ್ನೂ ತಮ್ಮಂದಿರನ್ನೂ ಶಾಹೀನಾಳೇ ಫೋನ್ ಮಾಡಿ ಕರೆಸಿದ್ದಳು. ಮಸ್ಕಿಯ ಆಪರೇಟರ್ ಆಗಲೇ ಬಂದು ಬೆಂಚಿನ ಮೇಲೆ ಕುಳಿತಿದ್ದ. ಅಮರಪ್ಪ ಅನುಮಾನದಿಂದಲೇ ಎಡಬದಿಯಲ್ಲಿ ಬೆರಳಿಟ್ಟ. ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಬಂಡಿದಾರಿ. ಬಲಬದಿಯಲ್ಲಿ ಅದೇ ಸಾಲು ಎದ್ದು ಬಂತು. ಬೆರಳು ಇದ್ದಲ್ಲೇ ಇತ್ತು, ಕಾಗದವೂ ಇದ್ದಲ್ಲೇ ಇತ್ತು. ಮೂವರ ಪಾಲೂ ಮುಗಿದು ಪ್ರಿಂಟ್ ಹೊರಬರುವವರೆಗೆ ಶಾಹೀನಾಳ ಬಲಗೈ ಕೀಬೋರ್ಡ್ ಬಿಟ್ಟು ಅಲುಗಲಿಲ್ಲ. ಜಗಳ ತೆಗೆದಿದ್ದ ಕಿರಿಯ ತಮ್ಮನೇ, "ಈಗ ಎರಡೂ ಕಾಣಾಕತ್ತಾವ ನೋಡ್ರೀ, ಹಿಂಗ ಇರಬೇಕು," ಎಂದ. ನನಗೆ ಕುಣಿಯಬೇಕೆನಿಸಿತು.

ಶರಣಪ್ಪ ಆಗಲೂ ಸೋಲಲು ತಯಾರಿರಲಿಲ್ಲ. ಅವಳನ್ನು ಎಬ್ಬಿಸಿ ತಾನೇ ಕುರ್ಚಿಯಲ್ಲಿ ಕುಳಿತು ಮೌಸ್ ಆಡಿಸಿದ. ಬಾಣ ಓಡಾಡಿತು, ಆದರೆ ಒತ್ತಲು ಒಂದು ಚಿತ್ರವೂ ಇರಲಿಲ್ಲ.

"ಇದನ್ನ ತಗಿ. ಮಿಷಿನ್ ನಂದು, ನನಗ ಬರಬೇಕು."

"ತಗಿಯೂದಿಲ್ಲ. ನಿನ್ನ ಹೆಸರಿಲೆ ಒಳಗ ಹೋಗು, ನಿಂದು ಮೊದಲಿನಂಗ ಐತಿ. ಇದು ಆಕಿ ಹೆಸರಿನಾಗ ಮಾತ್ರ," ಎಂದೆ. ವಿಂಡೋ ಮ್ಯಾನೇಜರನ್ನು ಒಬ್ಬೊಬ್ಬರಿಗೆ ಒಂದೊಂದು ಕೊಡಬಹುದು. ಅವಳ ಅನುಕೂಲದಿಂದ ಅವನಿಗೆ ಕೂದಲಷ್ಟೂ ನಷ್ಟವಿರಲಿಲ್ಲ.

ಶಾಹೀನಾ ಮೌಸಿನ ವಯರು ಕಿತ್ತು, ಸುತ್ತಿ ಅವನ ಕೈಗಿಟ್ಟಳು.

"ಇದು ನಿಮ್ಮ ಸಾಮಾನ ರೀ. ಏಳ್ರಿ, ಮಂದಿ ನಿಂತಾರ."

ಅವನು ಎದ್ದ. ಬೆಂಚಿನ ಮೇಲಿದ್ದ ಆಪರೇಟರ್ ನಗುತ್ತಾ ಮಸ್ಕಿಯ ಬಸ್ಸು ಹಿಡಿಯಲು ಹೊರಟ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ಎಲ್ಲೋ ಕುಳಿತವರು ಯಾರದೋ ಕೈ ನೋಡಿ ಮಾಡಿದ ಯಂತ್ರಕ್ಕೆ ನಿಮ್ಮ ಕೈ ಹೊಂದದಿದ್ದರೆ ತಪ್ಪು ನಿಮ್ಮ ಕೈಯದಲ್ಲ. ಬದಲಾಗಬೇಕಾದದ್ದು ಯಂತ್ರ. ಆಗುವುದಿಲ್ಲ ಎನ್ನುವವನನ್ನು ಪಕ್ಕಕ್ಕೆ ಕೂರಿಸಿ ಸೆಟ್ಟಿಂಗ್ ಫೈಲ್ ತೆರೆಯಿರಿ.

ಕಳೆದ ತಿಂಗಳು ಪ್ರಿಂಟರ್ ನೋಡಲು ಮತ್ತೆ ಅಲ್ಲಿಗೆ ಹೋಗಿದ್ದೆ. ಹಸಿರು ಬದು ಹಾಗೆಯೇ ಇತ್ತು. ನನ್ನ ಹಳೆಯ ಅಭ್ಯಾಸ, ಮಾತಾಡುತ್ತಾ ಬಲಗೈ ಮೌಸ್ ಹುಡುಕಿಕೊಂಡು ಮೇಜಿನ ಮೇಲೆ ಹೋಯಿತು. ಶಾಹೀನಾ ಪರದೆಯಿಂದ ಕಣ್ಣು ತೆಗೆಯದೆಯೇ ಹೇಳಿದಳು:

"ಅಲ್ಲಿ ಕೈ ಇಡಬ್ಯಾಡ ಅಣ್ಣಾ, ನನ್ನ ಚಾ ಚೆಲ್ಲತೈತಿ."