ಅಣ್ಣನ ಮುಂದೆ ನಿಲ್ಲದೆ ಹೋದ ರೊಟ್ಟಿಯ ತಟ್ಟೆ

ಮೂರನೇ ಭಾನುವಾರವೂ ಪಾಸ್ಟರ್ ನಮ್ಮಣ್ಣನ ಮದುವೆ ಪ್ರಕಟಣೆ ಓದಿದರು.

ನಮ್ಮಲ್ಲಿ ಪದ್ಧತಿ ಹಾಗೆ. ಮದುವೆಗೆ ಮುಂಚೆ ಮೂರು ಭಾನುವಾರ ಆರಾಧನೆಯಲ್ಲಿ ಗಂಡು-ಹೆಣ್ಣಿನ ಹೆಸರು ಓದಿ, ಯಾರಿಗಾದರೂ ಅಭ್ಯಂತರವಿದ್ದರೆ ಈಗಲೇ ಹೇಳಿ ಅಂತ ಕೇಳುತ್ತಾರೆ. ಯಾರೂ ಏನೂ ಹೇಳುವುದಿಲ್ಲ. ಯಾರೋ ಒಬ್ಬರು ಕೆಮ್ಮುತ್ತಾರೆ, ಅಷ್ಟೇ.

ಅವತ್ತು ಹಾರ್ಮೋನಿಯಂ ಮುಂದೆ ಕೂತಿದ್ದ ಮದುಮಗನೇ ಎದ್ದು ನಿಂತ.

ತೊಂಬತ್ತರ ದಶಕದ ಶುರು, ಸಿಂಧನೂರಿನ ಸಣ್ಣ ಚರ್ಚ್. ನನಗೆ ಹತ್ತೊಂಬತ್ತು ವರ್ಷ. ಸ್ಯಾಮುವೇಲಣ್ಣ ಮಸ್ಕಿಯಲ್ಲಿ ಪ್ರೈಮರಿ ಸ್ಕೂಲ್ ಮಾಸ್ತರ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದ. ಹೆಣ್ಣು ಲಿಂಗಸುಗೂರಿನ ಸುನೀತಾ.

"ನನ್ನದ ಅಭ್ಯಂತರ ಐತ್ರಿ, ಪಾಸ್ಟರ್ ಸಾಹೇಬ್ರ. ಹೆಣ್ಣಿನ ಮ್ಯಾಲ ನನಗ ಮನಸ್ಸು ಬರಂಗಿಲ್ಲ ಅಂತ ನಿಮಗ ಮೊದ್ಲ ಹೇಳೀನಿ. ಆ ಹುಡುಗಿ ಬಾಳು ಹಾಳು ಮಾಡಾಕ ನನ್ನ ಕೈಲಿ ಆಗಂಗಿಲ್ಲ."

ಹೌದು, ಪಾಸ್ಟರ್‌ಗೆ ಗೊತ್ತಿತ್ತು! ಪ್ರಕಟಣೆಗೆ ಮೊದಲೇ ಅಣ್ಣ ಅವರ ಮನೆಗೆ ಹೋಗಿ, ತನ್ನ ಮನಸ್ಸು ಗಂಡಸರ ಕಡೆಗೆ, ಈ ಮದುವೆ ಬೇಡ ಅಂತ ಎಲ್ಲವನ್ನೂ ಹೇಳಿಕೊಂಡಿದ್ದ. ಮದುವೆಯಾದರೆ ಸರಿಹೋಗುತ್ತೆ ಅಂತ ಪ್ರಾರ್ಥನೆ ಮಾಡಿ ಕಳಿಸಿದವರು, ಮುಂದಿನ ಭಾನುವಾರವೇ ಹೆಸರು ಓದಿದ್ದರು.

ಇವತ್ತಿಗೂ ನೆನೆಸಿಕೊಂಡರೆ ಮೈ ಉರಿಯುತ್ತದೆ. ಸುನೀತಾ ಏನು ಔಷಧಿ ಬಾಟಲಿಯಾ, ಒಬ್ಬನನ್ನು ವಾಸಿ ಮಾಡೋಕೆ ಕುಡಿಸಲಿಕ್ಕೆ?

ಆ ವಾರವೆಲ್ಲ ಮನೆಗೆ ಜನವೋ ಜನ. ಪಾಸ್ಟರ್ ಇದು ಪಾಪ, ಪಶ್ಚಾತ್ತಾಪಪಡು ಎಂದರು. ಸಭೆಯ ಹಿರಿಯರೊಬ್ಬರು ದೆವ್ವ ಹೊಕ್ಕಿದೆ, ಉಪವಾಸ ಪ್ರಾರ್ಥನೆ ಇಡಿಸಿ ಎಂದರು.

ಲಿಂಗಸುಗೂರಿನಿಂದ ಬಂದ ರಿಟೈರ್ಡ್ ಪಾಸ್ಟರ್ ಒಬ್ಬರು ಮೆತ್ತಗೆ ಮಾತಾಡಿದರು. ಹಾಗೆ ಹುಟ್ಟಿದ್ದು ತಪ್ಪಲ್ಲ, ಆದರೆ ಜೀವನಪೂರ್ತಿ ಒಬ್ಬನೇ ಇರಬೇಕು ಅಂದರು.

ಎಲ್ಲರ ಕೈಯಲ್ಲೂ ಅದೇ ಸತ್ಯವೇದ. ಎಲ್ಲರೂ ಚಹಾ ಕುಡಿದರು. ನಿನಗೇನನಿಸುತ್ತೆ ಅಂತ ಅಣ್ಣನನ್ನು ಮಾತ್ರ ಒಬ್ಬರೂ ಕೇಳಲಿಲ್ಲ.

ಸುನೀತಾಳ ಅಪ್ಪ ಬಂದು ಬಾಯಿಗೆ ಬಂದಂತೆ ಬೈದು ಹೋದರು. ಅವರ ಸಿಟ್ಟು ನ್ಯಾಯವಾದದ್ದೇ. ಅಣ್ಣ ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡ.

ಮುಂದಿನ ಭಾನುವಾರ ಪ್ರಭುವಿನ ಭೋಜನ, ಯೇಸುವಿನ ನೆನಪಿಗೆ ಎಲ್ಲರೂ ಒಂದೇ ರೊಟ್ಟಿ ಹಂಚಿಕೊಂಡು ತಿನ್ನುವ ಆರಾಧನೆ. ನಾವೆಲ್ಲ ಸಾಲಾಗಿ ಮಂಡಿಯೂರಿದ್ದೆವು, ಪಾಸ್ಟರ್ ರೊಟ್ಟಿ ತುಂಡುಗಳ ತಟ್ಟೆ ಹಿಡಿದು ಒಬ್ಬೊಬ್ಬರಿಗೇ ಕೊಡುತ್ತ ಬಂದರು.

ನನಗೆ ಕೊಟ್ಟರು. ನನ್ನ ಪಕ್ಕದಲ್ಲಿದ್ದ ಅಣ್ಣನ ಮುಂದೆ ತಟ್ಟೆ ನಿಲ್ಲಲೇ ಇಲ್ಲ. ಅವನಾಚೆ ಇದ್ದ ರತ್ನಮ್ಮಜ್ಜಿಗೆ ಕೊಟ್ಟು ಮುಂದೆ ಹೋದರು.

ಅಣ್ಣನ ಕೈ ಚಾಚಿದ್ದು ಚಾಚಿದ ಹಾಗೇ ಇದೆ...

ರತ್ನಮ್ಮಜ್ಜಿ ಮನೆ ಮನೆಗೆ ಹೋಗಿ ದೇವರ ವಾಕ್ಯ ಓದಿ ಹೇಳುತ್ತಿದ್ದ ಮುದುಕಿ. ತನ್ನ ತುಂಡನ್ನು ಮುರಿದು ಅರ್ಧ ಅಣ್ಣನ ಕೈಯಲ್ಲಿ ಇಡುತ್ತಾಳೆ. ಪಾಸ್ಟರ್ ತಿರುಗಿ ನೋಡಿ, ಹಾಗೆ ಮಾಡಬಾರದು ಎನ್ನುತ್ತಾರೆ.

ಅಜ್ಜಿ ದನಿ ಎತ್ತಲಿಲ್ಲ.

"ನಮ್ಮಪ್ಪ ಊರಾಗ ಎಲ್ಲಾರ ಊಟ ಆದಮ್ಯಾಲ ಹೊರಗ ಕುಂತು ಉಂಡಾನ್ರಿ. ಇಲ್ಲಿ ಎಲ್ಲಾರಿಗೂ ಒಂದ ತಾಟು ಅಂದ್ರು, ಅದಕ್ಕ ಬಂದ. ಈಗ ಈ ಹುಡುಗನ್ನ ನೀವು ಹೊರಗ ಕುಂದರಸ್ತೀರೇನು?"

ಅಲ್ಲಿದ್ದ ಎಷ್ಟೋ ಮನೆಗಳ ಕಥೆ ಅದೇ. ಎರಡೇ ತಲೆಮಾರಿಗೆ ಮರೆತುಬಿಟ್ಟಿದ್ದೆವು, ನಾಚಿಕೆಯಿಲ್ಲದೆ.

ಪಾಸ್ಟರ್ ತಟ್ಟೆ ಹಿಡಿದು ಮುಂದಿನವರ ಕಡೆಗೆ ಹೋದರು. ಮನಸ್ಸು ಬದಲಾಯಿಸಲಿಲ್ಲ. ಆ ತಿಂಗಳೇ ಅಣ್ಣನ ಹೆಸರನ್ನು ಸಭೆಯ ಪಟ್ಟಿಯಿಂದ ತೆಗೆದರು, ಹಾರ್ಮೋನಿಯಂ ಮೇಲೆ ಬಟ್ಟೆ ಹೊದಿಸಿದರು. ಅಣ್ಣ ಮಸ್ಕಿಯಲ್ಲೇ ಒಂದು ಬಾಡಿಗೆ ಕೋಣೆ ಹಿಡಿದ.

ಸುನೀತಾ ಮಾತ್ರ ಅಣ್ಣನಿಗೆ ಒಂದು ಚೀಟಿ ಕಳಿಸಿದಳು. ಮೊದಲೇ ಹೇಳಿ ನನ್ನನ್ನು ಉಳಿಸಿದಿರಿ ಅಂತ.

ರತ್ನಮ್ಮಜ್ಜಿ ಸಾಯುವ ತನಕ, ಪ್ರಭುವಿನ ಭೋಜನ ಇದ್ದ ಭಾನುವಾರವೆಲ್ಲ ತನ್ನ ತುಂಡಿನಲ್ಲಿ ಅರ್ಧ ಸೆರಗಿನ ತುದಿಗೆ ಕಟ್ಟಿಕೊಂಡು ಮಸ್ಕಿ ಬಸ್ ಹತ್ತುತ್ತಿದ್ದಳು.

ಪಾಸ್ಟರ್ ಮೇಲಿನ ಸಿಟ್ಟು ಇನ್ನೂ ಇದೆ. ಆದರೆ ನನ್ನ ಮೇಲಿರುವ ಸಿಟ್ಟು ಅದಕ್ಕಿಂತ ಜಾಸ್ತಿ. ಅಣ್ಣನ ಈ ಪಕ್ಕದಲ್ಲಿ ನಾನೂ ಇದ್ದೆ, ನನ್ನ ಕೈಯಲ್ಲೂ ಒಂದು ತುಂಡಿತ್ತು... ಅಜ್ಜಿ ಮುರಿಯುವಷ್ಟರಲ್ಲಿ ನಾನು ಗಬಕ್ಕನೆ ನುಂಗಿಬಿಟ್ಟಿದ್ದೆ.

ನಿಮ್ಮ ಪಾಲು ನಿಮ್ಮ ಕೈಗೆ ಬಂದಾಗ, ಪಕ್ಕದವರ ಕೈ ಖಾಲಿ ಇದೆಯಾ ಅಂತ ಯಾವತ್ತಾದರೂ ತಿರುಗಿ ನೋಡಿದ್ದೀರಾ?