ಹಿಂದಿನಿಂದ ಹೇಳುವವರು

ಮೊನ್ನೆ ಬಾಲ್ಕನಿಯ ತುಳಸಿ ಚಟ್ಟಿಯಲ್ಲಿ ಒಂದು ನೀರುಕಡ್ಡಿ ಗಿಡ ಕಂಡಿತು. ಕಬಕದ ಈ ಮೂರನೇ ಮಾಳಿಗೆಗೆ ಅದು ಹೇಗೆ ಹತ್ತಿ ಬಂತೋ ಗೊತ್ತಿಲ್ಲ. ಊರಿನಿಂದ ತಂದ ಮಣ್ಣಿನ ಜೊತೆ, ಯಾರಿಗೂ ಹೇಳದೆ, ನನ್ನ ಹಾಗೆಯೇ ಬಂದಿರಬೇಕು. ಕಿತ್ತು ಎಸೆಯೋಣ ಎಂದು ಹಿಡಿದರೆ ಕಡ್ಡಿ ಮುರಿದು ಬೆರಳೆಲ್ಲ ಒದ್ದೆಯಾಯಿತು. ಆ ಹಸಿ ವಾಸನೆ ಮೂಗಿಗೆ ಬಂದದ್ದೇ ತಡ, ನನ್ನೊಳಗೆ ಒಂದು ಹಳೆ ಹೆದರಿಕೆ ಎದ್ದು ಕೂತಿತು.

ನಗಬೇಡಿ ಮಕ್ಕಳೇ. ನೀವು ಸ್ಲೇಟು ಒರೆಸಿದವರಲ್ಲ. ನಾವು ಈ ಕಡ್ಡಿಯಿಂದಲೇ ಒರೆಸುತ್ತಿದ್ದೆವು. ದಾರಿಯಲ್ಲಿ ಒಂದು ಮುಷ್ಟಿ ಕಿತ್ತು ಲಂಗದ ಮಡಿಲಿಗೆ ಹಾಕಿಕೊಂಡರೆ ಆ ದಿನಕ್ಕೆ ಸಾಕು. ಹಾಗಾಗಿ ನನ್ನ ಮೂಗಿಗೆ ನೀರುಕಡ್ಡಿ ಎಂದರೆ ಶಾಲೆ, ಶಾಲೆ ಎಂದರೆ ಸಂಜೆ, ಸಂಜೆ ಎಂದರೆ ಮಗ್ಗಿ.

ಅದೇ ಹೊತ್ತಿಗೆ ಒಳಗಿನಿಂದ ಸಿಂಚನಾ ಫೋನಿನಲ್ಲಿ ಮಾತಾಡುವುದು ಕೇಳಿಸಿತು. ಸಿಂಚನಾ ನಿಮಗೆಲ್ಲ ಗೊತ್ತು, ನಿಮ್ಮಲ್ಲಿ ಎಲ್ಲರಿಗಿಂತ ಸಣ್ಣವಳು, ಈಗ ಪುತ್ತೂರಿನಲ್ಲಿ ಒಂಬತ್ತನೇ ಕ್ಲಾಸು. ನೀರಿನ ಟಾಂಕಿ ತುಂಬಿದ ಕೂಡಲೇ ಕೂಗುವ ಒಂದು ಯಂತ್ರ ಮಾಡಿದ್ದಾಳೆ. ಅದರ ವಯರು, ಬ್ಯಾಟರಿ, ಅಂಟು ಎಲ್ಲ ಊಟದ ಮೇಜಿನ ಮೇಲೆ ಹರಡಿ, ನಾವು ಕೆಲವು ವಾರ ಮಡಿಲಲ್ಲಿ ಬಟ್ಟಲಿಟ್ಟು ಊಟ ಮಾಡಿದ್ದೇವೆ. ಮರುದಿನ ಶಾಲೆಯಲ್ಲಿ ಅದನ್ನು ನೋಡಲು ಬೇರೆ ಊರಿನ ಮಾಸ್ಟ್ರುಗಳು ಬರುವುದಿತ್ತು. ಫೋನಿನಲ್ಲಿ ಅವಳು ಹೇಳುತ್ತಿದ್ದಳು, ವಿವರಣೆ ಪ್ರಣವ್ ಕೊಡಲಿ, ನಾನು ಪಕ್ಕದಲ್ಲಿ ನಿಲ್ಲುತ್ತೇನೆ ಎಂದು.

ಫೋನಿಟ್ಟ ಮೇಲೆ ಕೇಳಿದೆ, "ನಿನ್ನ ಕ್ಲಾಸಿನ ಈ ಪ್ರಣವ್ ಎಂತ ಮಾಡಿದ್ದಾನೆ ಇದರಲ್ಲಿ?"

"ಥರ್ಮಾಕೋಲ್ ತಂದಿದ್ದಾನೆ."

"ಮತ್ತೆ ನೀನ್ಯಾಕೆ ಹೇಳುದಿಲ್ಲ?"

"ನಾನು ತಪ್ಪಿದ್ರೆ?"

"ಅವನು ತಪ್ಪಿದ್ರೆ?"

"ಅವನು ತಪ್ಪಿದ್ರೂ ಗೊತ್ತಾಗುದಿಲ್ಲ ಅಜ್ಜಿ. ಜೋರಾಗಿ ಹೇಳ್ತಾನೆ."

ನಿಮ್ಮ ಅಜ್ಜಿ ಮಾತಿನವಳಲ್ಲ. ಬೀನ್ಸಿನ ನಾರು ತೆಗೆಯುತ್ತಾ ಕೂತು, ಅವಳಿಗೆ ಒಂದು ಕಥೆಯನ್ನು ಹಿಂದುಮುಂದಾಗಿ ಹೇಳಿದೆ. ನೆಟ್ಟಗೆ ಹೇಳಿದೆನೋ ಇಲ್ಲವೋ ಎಂದು ಅನುಮಾನ. ಅದಕ್ಕೇ ನಿಮ್ಮೆಲ್ಲರಿಗೂ ಇದನ್ನು ಬರೆದಿಡುತ್ತಿದ್ದೇನೆ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲ, ಅದು ದೊಡ್ಡ ಸುಖ.

ಅರಂತೋಡಿನಿಂದ ಒಳಗೆ ಹೋದರೆ ನಮ್ಮ ಶಾಲೆ. ಸಂಜೆ ಗಂಟೆ ಹೊಡೆಯುವ ಮೊದಲು ಎಲ್ಲ ಮಕ್ಕಳೂ ಅಂಗಳದಲ್ಲಿ ಸಾಲಾಗಿ ನಿಲ್ಲಬೇಕು. ಒಬ್ಬ ಜಗಲಿಯ ಮೇಲೆ ನಿಂತು ಮಗ್ಗಿ ಹೇಳಿಕೊಡುವುದು, ನಾವೆಲ್ಲ ಹಿಂದಿನಿಂದ ಹೇಳುವುದು. ಅವನು "ಎರಡೊಂದಲೆ ಎರಡು" ಎಂದರೆ ನಾವು "ಎರಡೊಂದಲೆ ಎರಡು". ಹೇಳಿಕೊಡುವವನು ಯಾವಾಗಲೂ ಹುಡುಗನೇ. ಹೀಗೆಂದು ಯಾರೂ ಗೋಡೆಯ ಮೇಲೆ ಬರೆದಿರಲಿಲ್ಲ. ಬಾವಿಯಿಂದ ನೀರು ತರುವುದು ಹುಡುಗಿಯರು, ಗಂಟೆ ಹೊಡೆಯುವುದು ಹುಡುಗರು ಎಂದಿದ್ದ ಹಾಗೆ ಇದೂ ಇತ್ತು. ನಮಗೆ ಮಗ್ಗಿ ಬರುತ್ತಿರಲಿಲ್ಲವೆಂದಲ್ಲ. ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದೆವು. ಆದರೆ ಮೊದಲು ಯಾರಾದರೂ ಹೇಳಬೇಕಿತ್ತು.

ನನ್ನ ಪಕ್ಕದಲ್ಲಿ ನಿಲ್ಲುತ್ತಿದ್ದವಳು ಲೀಲಾ. ಎಣ್ಣೆ ಹಾಕಿ ಗಟ್ಟಿ ಹೆಣೆದ ಎರಡು ಜಡೆ, ನೀರುಕಡ್ಡಿಯಲ್ಲೂ ದಪ್ಪದ್ದನ್ನೇ ಆರಿಸುವ ಹುಡುಗಿ. ಲೆಕ್ಕದಲ್ಲಿ ಅವಳೇ ಮುಂದು. ಒಂದು ದಿನ ಹೇಳಿಕೊಡುವ ಹುಡುಗನಿಗೆ ಜ್ವರ. ಮಾಸ್ಟ್ರಿಗೆ ಏನನ್ನಿಸಿತೋ, "ಲೀಲಾ, ಇವತ್ತು ನೀನು ಬಾ" ಎಂದರು. ಅವಳು ಜಗಲಿ ಹತ್ತಿದಳು. ಹನ್ನೆರಡರ ತನಕ ಗಂಟೆಯ ಸ್ವರದ ಹಾಗೆ ಹೇಳಿದಳು. ಹದಿಮೂರಕ್ಕೆ ಬಂದಾಗ ಹುಡುಗರ ಸಾಲಿನಲ್ಲಿ ಯಾರೋ ಕೆಮ್ಮಿದರು. ಅವಳು ಆ ಕಡೆ ನೋಡಿ "ಹದಿಮೂರೇಳಲೆ ಎಂಬತ್ತೊಂದು" ಎಂದುಬಿಟ್ಟಳು.

ನಾವು ಏನು ಮಾಡಿದೆವು ಹೇಳಿ? ಇಡೀ ಶಾಲೆ ಒಂದೇ ಸ್ವರದಲ್ಲಿ "ಹದಿಮೂರೇಳಲೆ ಎಂಬತ್ತೊಂದು" ಎಂದಿತು. ತೊಂಬತ್ತೊಂದು ಎಂದು ಚೆನ್ನಾಗಿ ಗೊತ್ತಿದ್ದ ನಾನೂ ಹೇಳಿದೆ. ಹುಡುಗರೂ ಹೇಳಿದರು. ಆಮೇಲೆ ನಗು ಶುರುವಾಯಿತು. ತಪ್ಪು ಹೇಳಿದ್ದು ಇಡೀ ಶಾಲೆ, ನಗೆಗೆ ಸಿಕ್ಕಿದ್ದು ಲೀಲಾ ಒಬ್ಬಳು. ಮಾಸ್ಟ್ರು ಬೈಯಲಿಲ್ಲ, ಒಳ್ಳೆಯವರು. "ಸಾಕು ಮಗಾ, ಹುಡುಗಿಯರಿಗೆ ಇದು ಕಷ್ಟ" ಎಂದು ಅವಳನ್ನು ಕೆಳಗಿಳಿಸಿದರು. ಜ್ವರ ಬಿಟ್ಟ ಹುಡುಗ ಮರುದಿನ ಬಂದು ಹದಿನಾಲ್ಕರಲ್ಲಿ ಎರಡು ಕಡೆ ತಪ್ಪಿದ, ಕೈಗೆ ಒಂದು ಪೆಟ್ಟು ತಿಂದ, ಮತ್ತೆ ಮರುದಿನವೂ ಅವನೇ ಜಗಲಿ ಹತ್ತಿದ. ಅವನು ತಪ್ಪಿದರೆ ಅವನೊಬ್ಬ ತಪ್ಪಿದ ಹಾಗೆ. ಲೀಲಾ ತಪ್ಪಿದ್ದಕ್ಕೆ ನಮ್ಮ ಸಾಲಿನ ಎಲ್ಲರೂ ತಪ್ಪಿದ ಹಾಗಾಯಿತು. ಆಮೇಲೆ ಆ ಶಾಲೆಯಲ್ಲಿ ಯಾವ ಹುಡುಗಿಯನ್ನೂ ಕರೆಯಲಿಲ್ಲ, ಕರೆದಿದ್ದರೂ ನಾವು ಹೋಗುತ್ತಿರಲಿಲ್ಲ.

ಹಿಂದಿನಿಂದ ಹೇಳುವ ಅಭ್ಯಾಸ ಶಾಲೆ ಬಿಟ್ಟರೂ ಬಿಡಲಿಲ್ಲ. ನಿಮ್ಮ ಅಜ್ಜ "ಇವತ್ತು ಸೆಕೆ" ಎಂದರೆ ನಾನು "ಹೌದು, ಸೆಕೆ" ಎನ್ನುತ್ತಿದ್ದೆ, ಮೈಯಲ್ಲಿ ಚಳಿಯಿದ್ದರೂ. ಹೀರೆಕಾಯಿ ಸಾರು ನನಗೆ ಸೇರುವುದಿಲ್ಲ ಎಂಬುದು ಪಾಪ ಅವರಿಗೆ ಕೊನೆಯ ತನಕ ಗೊತ್ತಾಗಲಿಲ್ಲ. "ಒಳ್ಳೇದುಂಟಲ್ಲ?" ಎನ್ನುತ್ತಿದ್ದರು. "ಒಳ್ಳೇದುಂಟು" ಎನ್ನುತ್ತಿದ್ದೆ. ಅವರು ಹೋದ ಮೇಲೆ ನಾನು ಹೀರೆಕಾಯಿ ತಂದಿಲ್ಲ, ಆದರೆ ಅಂಗಡಿಯಲ್ಲಿ ಅದನ್ನು ಕಂಡಾಗಲೆಲ್ಲ ಕಣ್ಣು ಒದ್ದೆಯಾಗುತ್ತದೆ.

ಲೀಲಾಳನ್ನೂ ನನ್ನನ್ನೂ ಒಂದೇ ಊರಿಗೆ ಕೊಟ್ಟರು, ಎರಡು ಗದ್ದೆ ಆಚೆಗೆ ಅವಳ ಮನೆ. ಇಬ್ಬರ ಮನೆಯಲ್ಲೂ ದನ. ಹಾಲಿನ ಸೊಸೈಟಿಗೆ ಹಾಲು ಹೊರುವುದು ಹೆಂಗಸರು, ಸದಸ್ಯರ ಪಟ್ಟಿಯಲ್ಲಿ ಹೆಸರು ಗಂಡಸರದ್ದು. ನಿಮ್ಮ ಅಜ್ಜ ತೀರಿಕೊಂಡಾಗ ಅದು ನನ್ನ ಹೆಸರಿಗೆ ಬಂತು. ಅದೇ ವರ್ಷ ಹಾಲಿನ ಲಾರಿಯ ದಾರಿ ಬದಲಾಯಿತು. ಬೆಳಗ್ಗೆ ಐದೂವರೆಯೊಳಗೆ ಹಾಲು ಕೊಡಬೇಕು, ಸ್ವಲ್ಪ ಸಮಯ ನೋಡುವ, ಸರಿ ಬಂದರೆ ಮಹಾಸಭೆಯಲ್ಲಿ ಖಾಯಂ ಮಾಡುವ ಎಂದರು ಸೊಸೈಟಿಯ ಅಧ್ಯಕ್ಷರು.

ಐದೂವರೆ ಎಂದರೆ ನಮ್ಮಲ್ಲಿ ಕತ್ತಲೆ. ಸೊಸೈಟಿಯ ದಾರಿ ಕಾಡಿನ ಅಂಚಿನಲ್ಲೇ ಹೋಗುತ್ತದೆ. ಆನೆ ಆ ದಾರಿಯನ್ನು ದಾಟುವುದು ಎಲ್ಲರಿಗೂ ಗೊತ್ತು. ಹಿಂದೆ ನಾವು ಬೆಳಕಾದ ಮೇಲೆ ಹೋಗುತ್ತಿದ್ದೆವು, ಲದ್ದಿ ಕಂಡರೆ ಸುತ್ತಿಕೊಂಡು ದಾಟುತ್ತಿದ್ದೆವು. ಕತ್ತಲೆಯಲ್ಲಿ ಲದ್ದಿಯೂ ಕಾಣುವುದಿಲ್ಲ. ನಾನು, ಲೀಲಾ ಜೊತೆಯಾಗಿ ಹೋಗುತ್ತಿದ್ದೆವು. ಕ್ಯಾನಿನ ಮುಚ್ಚಳ ಸದ್ದು ಮಾಡಬಾರದೆಂದು ನಡುವೆ ಬಟ್ಟೆ ಸಿಕ್ಕಿಸುತ್ತಿದ್ದೆವು. ಟಾರ್ಚು ಹಾಕಿದರೆ ಆನೆಗೆ ನಾವು ಕಾಣುತ್ತೇವೆ, ಹಾಕದಿದ್ದರೆ ನಮಗೆ ಅದು ಕಾಣುವುದಿಲ್ಲ. ಈ ಲೆಕ್ಕಕ್ಕೆ ಮಗ್ಗಿಯಲ್ಲಿ ಉತ್ತರವಿರಲಿಲ್ಲ.

ಒಂದು ಬೆಳಗ್ಗೆ ಮೋರಿಯ ಹತ್ತಿರ ಲೀಲಾ ಗಕ್ಕನೆ ನಿಂತಳು. ಆನೆಗೆ ಪ್ರೀತಿಯ ಬೈನೆ ಮರ ಸಿಗಿಯುವ ಸದ್ದು. ನಾರು ನಾರಾಗಿ, ಅವಸರವಿಲ್ಲದೆ, ಯಾರೋ ಹಳೆ ಸೀರೆ ಹರಿದ ಹಾಗೆ. ಅವಳು ನನ್ನ ಕಿವಿಯ ಹತ್ತಿರ "ಅದು ಉಂಟು" ಎಂದಳು. ಅಷ್ಟೇ. ನಾವು ರಸ್ತೆಯಡಿಯ ಮೋರಿಯೊಳಗೆ ಇಳಿದು ಕೂತೆವು. ನೀರು ಮೊಣಕಾಲಿಗೆ ಬರುತ್ತಿತ್ತು. ಆ ವಾಸನೆ ಬಂತು, ಕೊಟ್ಟಿಗೆಯ ವಾಸನೆಯ ಹಾಗೆ, ಆದರೆ ತುಂಬಾ ದೊಡ್ಡದು. ಮೇಲೆ ರಸ್ತೆಯಲ್ಲಿ ಹೆಜ್ಜೆಯ ಸದ್ದು ಕೇಳಿಸಲೇ ಇಲ್ಲ. ಹೆದರಿಕೆಯಾದದ್ದು ಅದಕ್ಕೇ. ಅಷ್ಟು ದೊಡ್ಡದು ಸದ್ದಿಲ್ಲದೆ ನಡೆಯುತ್ತದೆ. ಬೆಳಕು ಹರಿದ ಮೇಲೆ ಹತ್ತಿ ನೋಡಿದರೆ, ಲೀಲಾ ದಾರಿಯಲ್ಲಿ ಬಿಟ್ಟಿದ್ದ ಕ್ಯಾನು ರೊಟ್ಟಿಯ ಹಾಗೆ ಚಪ್ಪಟೆಯಾಗಿತ್ತು. ಅವಳು ಅದನ್ನು ನೋಡಿ "ಹಾಲು ಹೋಯ್ತು" ಎಂದು ಅತ್ತಳು. ಹಾಲಿಗಾಗಿ ಅತ್ತದ್ದಲ್ಲ ಅದು.

ಮಹಾಸಭೆಯ ಹಿಂದಿನ ದಿನ ತೋಡಿನಲ್ಲಿ ಬಟ್ಟೆ ಒಗೆಯುವಾಗ ಎಲ್ಲ ಹೆಂಗಸರೂ ಮಾತಾಡಿದರು. ಕಲ್ಲಿನ ಮೇಲೆ ಬಟ್ಟೆ ಬಡಿದು ಬಡಿದು ಅಧ್ಯಕ್ಷರಿಗೆ ಏನೇನು ಹೇಳಬೇಕೋ ಎಲ್ಲ ಹೇಳಿದರು. ನಾಳೆ ಇದನ್ನು ಯಾರು ಹೇಳುವುದು ಎಂದ ಕೂಡಲೇ ಎಲ್ಲರೂ ಬಟ್ಟೆ ಹಿಂಡಲು ಬಗ್ಗಿದರು. ಆಗ ಲೀಲಾ ನನ್ನ ಕಡೆ ನೋಡಿದಳು.

"ನೀನೇ ಹೇಳು. ನಿನಗೆ ಮನೆಗೆ ಹೋದ್ರೆ ಬೈಲಿಕ್ಕೆ ಜನ ಇಲ್ಲ."

ಎಲ್ಲರೂ ನಕ್ಕರು. ನಾನೂ ಹಿಂದಿನಿಂದ ನಕ್ಕೆ. ಮನೆಗೆ ಬಂದ ಮೇಲೆ, ಬೈಯುವ ಜನ ಇಲ್ಲದ ಮನೆಯಲ್ಲಿ, ಆ ಮಾತು ಚುಚ್ಚಿತು. ಆದರೆ ಸುಳ್ಳಲ್ಲವಲ್ಲ.

ಸಭೆಯಲ್ಲಿ ನಾವು ಬಾಗಿಲ ಹತ್ತಿರ ಕೊನೆಯ ಸಾಲಿನಲ್ಲಿ ಕೂತೆವು. ಹೇಳಬೇಕಾದ ಮಾತನ್ನು ಬಾಯೊಳಗೇ ಬಾಯಿಪಾಠ ಮಾಡುತ್ತಿದ್ದೆ. ಅಧ್ಯಕ್ಷರು ಓದಿದರು, ಬೆಳಗ್ಗಿನ ಹಾಲು ಐದೂವರೆಗೆ ಮುಗಿಯಬೇಕು, ಇನ್ನು ಮುಂದೆ ಇದೇ ಖಾಯಂ. ಆಮೇಲೆ ತಲೆಯೆತ್ತಿ, "ಎಲ್ಲರಿಗೂ ಒಪ್ಪಿಗೆ ಅಲ್ವಾ?" ಎಂದರು.

ಸಭೆ "ಒಪ್ಪಿಗೆ" ಎಂದಿತು. ನಾನೂ "ಒಪ್ಪಿಗೆ" ಎಂದೆ.

ಹೌದು ಮಕ್ಕಳೇ. ಮುಂದಿನಿಂದ ಒಂದು ಸ್ವರ ಬಂತು, ನನ್ನ ಬಾಯಿ ತಾನಾಗಿ ತೆರೆದು ಹಿಂದಿನಿಂದ ಹೇಳಿತು. ಲೀಲಾ ನನ್ನ ಮುಖ ನೋಡಿದಳು. ಅವಳ ಕಣ್ಣಿನಲ್ಲಿ ಸಿಟ್ಟಿರಲಿಲ್ಲ, ಮೋರಿಯೊಳಗೆ ಕೂತಾಗ ಇದ್ದದ್ದೇ ಇತ್ತು. ಅಧ್ಯಕ್ಷರು ಮುಂದಿನ ವಿಷಯಕ್ಕೆ ಕಾಗದ ತಿರುವುತ್ತಿದ್ದರು. ಈಗ ಕೂತಿದ್ದರೆ ನಾಳೆ ಬೆಳಗ್ಗೆ ಮತ್ತೆ ಆ ದಾರಿ, ನಾಡಿದ್ದೂ ಆ ದಾರಿ. ನಾನು ಎದ್ದದ್ದು ಧೈರ್ಯದಿಂದಲ್ಲ. ಸಭೆಯ ಹೆದರಿಕೆಗಿಂತ ಕತ್ತಲೆಯ ಹೆದರಿಕೆ ದೊಡ್ಡದಾಗಿ ಹಿಂದಿನಿಂದ ದೂಡಿತು.

"ನಾನು ಒಪ್ಪಿಗೆ ಹೇಳಿದ್ದು... ಅದು ಬಾಯಿ ಹೇಳಿದ್ದು" ಎಂದೆ.

"ಮತ್ತೆ ಯಾರು ಹೇಳ್ಬೇಕು ಅಕ್ಕ, ಮೂಗಾ?" ಎಂದು ಮುಂದಿನ ಸಾಲಿನಿಂದ ಒಬ್ಬರು. ಸಭೆಯೆಲ್ಲ ನಕ್ಕಿತು. ಕೂರೋಣ ಎಂದು ನೋಡಿದರೆ, ಎದ್ದ ರಭಸಕ್ಕೆ ಪ್ಲಾಸ್ಟಿಕ್ ಕುರ್ಚಿ ಹಿಂದಕ್ಕೆ ಜಾರಿ ಗೋಡೆಗೆ ತಾಗಿ ನಿಂತಿತ್ತು. ಕೂತರೆ ನೆಲಕ್ಕೇ ಬೀಳಬೇಕು. ಬಾಯಿಪಾಠ ಮಾಡಿದ್ದೆಲ್ಲ ಮರೆತಿತ್ತು. ಒಂದೇ ಒಂದು ವಾಕ್ಯ ಉಳಿದಿತ್ತು.

"ಬೆಳಕಾಗದೆ ನಾವು ಹಾಲು ತರುದಿಲ್ಲ."

ನನ್ನ ಸ್ವರ ಒಂಟಿಯಾಗಿ ಆ ಕೋಣೆಯಲ್ಲಿ ನಿಂತಿತು. ಹಾಗೆ ನಾನು ಅದನ್ನು ಮೊದಲು ಕೇಳಿದ್ದೇ ಇಲ್ಲ. ತೆಳ್ಳಗೆ, ಸ್ವಲ್ಪ ಒಡೆದದ್ದು, ಬೇರೆ ಯಾರದೋ ಎಂಬಂತೆ. ನನ್ನ ಕಿವಿಯಲ್ಲಿ ಹದಿಮೂರೇಳಲೆ ಎಂಬತ್ತೊಂದು ಕೇಳುತ್ತಿತ್ತು. ತಪ್ಪಿದೆ ಎಂದುಕೊಂಡೆ. ಆಗ ಪಕ್ಕದಿಂದ, ಶಾಲೆಯ ಅಂಗಳದ ಅದೇ ರಾಗದಲ್ಲಿ, ಲೀಲಾ ಹೇಳಿದಳು, "ಬೆಳಕಾಗದೆ ನಾವು ಹಾಲು ತರುದಿಲ್ಲ." ಆಮೇಲೆ ಅವಳಾಚೆಯವಳು, ಅದರಾಚೆಯವಳು. ಎಲ್ಲರೂ ಅಲ್ಲ. ಕೆಲವರು ಗಂಡಂದಿರ ಬೆನ್ನು ನೋಡುತ್ತಾ ಸುಮ್ಮನಿದ್ದರು. ಆದರೂ ಸಾಕಷ್ಟಾಯಿತು.

ಅಧ್ಯಕ್ಷರು ಕನ್ನಡಕ ತೆಗೆದು, ಹಾಗಾದರೆ ಹಾಲು ತರುವವರು ಯಾರು ಎಂದು ಗಂಡಸರನ್ನು ಕೇಳಿದರು. ಬೆಳಗ್ಗೆ ನಮಗೆ ರಬ್ಬರ್ ಟ್ಯಾಪಿಂಗ್ ಉಂಟಲ್ಲ ಎಂದರು ಕೆಲವರು. ಕೊನೆಗೆ ಒಬ್ಬ ಹಿರಿಯರು, ಆ ಕತ್ತಲೆಗೆ ನಾನೂ ಹೋಗುದಿಲ್ಲ ಮಾರಾಯ್ರೆ ಎಂದರು. ಲಾರಿಯವರ ಹತ್ತಿರ ಮಾತಾಡಿ ನಮ್ಮೂರನ್ನು ಕೊನೆಗೆ ಹಾಕಿಸಿದರು. ಆರೂವರೆ ಆಯಿತು.

ಇದನ್ನು ಗೆದ್ದ ಕಥೆ ಎಂದುಕೊಳ್ಳಬೇಡಿ. ಆ ರಾತ್ರಿ ನನಗೆ ಜ್ವರ ಬಂತು. ಎಷ್ಟೋ ತಿಂಗಳು ಸೊಸೈಟಿಯಲ್ಲಿ ನನ್ನನ್ನು ಕಂಡರೆ "ಎಂತ ಅಕ್ಕ, ಬೆಳಕಾಯ್ತಾ?" ಎಂದು ಕೇಳುತ್ತಿದ್ದರು. ಇನ್ನೊಮ್ಮೆ ಯಾವ ಸಭೆಯಲ್ಲೂ ನಾನು ಎದ್ದು ನಿಂತಿಲ್ಲ. ಹೆದರಿಕೆ ಹೋಗಲಿಲ್ಲ, ಈಗಲೂ ಇದೆ. ಅದು ಹೋದ ಮೇಲೆ ಮಾತಾಡುವ ಎಂದು ಕೂತಿದ್ದರೆ ಆ ಮೋರಿಯಲ್ಲೇ ಇರುತ್ತಿದ್ದೆ. ಸಭೆ ಮುಗಿಸಿ ಬರುವಾಗ ಲೀಲಾ ಗದ್ದೆಯಂಚಿನ ಹುಣಿಯ ಮೇಲೆ ನಿಂತು, ಯಾರೂ ಕೇಳದೆ, "ಹದಿಮೂರೇಳಲೆ ತೊಂಬತ್ತೊಂದು. ನನಗೆ ಗೊತ್ತಿತ್ತು" ಎಂದಳು. ನನಗೂ ಗೊತ್ತಿತ್ತು ಎಂದೆ.

ಕಥೆ ಮುಗಿಯುವಾಗ ಬೀನ್ಸೂ ಮುಗಿದಿತ್ತು. ಸಿಂಚನಾ ಎದ್ದು ಹೋದಳು. ಸ್ವಲ್ಪ ಹೊತ್ತಿಗೆ ಫೋನಿನಲ್ಲಿ ಅವಳು ಪ್ರಣವ್‌ಗೆ ಹೇಳುವುದು ಕೇಳಿಸಿತು, "ನಾಳೆ ನಾನೇ ಹೇಳ್ತೇನೆ. ನೀನು ಸ್ವಿಚ್ ಹಾಕು." ಅವಳನ್ನು ಜಗಲಿ ಹತ್ತಿಸಿದ್ದು ನಾನು. ತಪ್ಪಿದರೆ? ಯಾರಾದರೂ ಕೆಮ್ಮಿದರೆ?

ಆಮೇಲೆ ಬಾಗಿಲು ಹಾಕಿಕೊಂಡು ಅಭ್ಯಾಸ ಶುರು ಮಾಡಿದಳು. ಟಾಂಕಿಯ ನೀರು ಮೇಲೆ ಬಂದಾಗ ಈ ಎರಡು ತಂತಿಗಳು, ಎನ್ನುತ್ತಾಳೆ, ನಿಲ್ಲಿಸುತ್ತಾಳೆ, ಮತ್ತೆ ಮೊದಲಿನಿಂದ. ಒಲೆಯ ಮುಂದೆ ನಿಂತ ನನಗೆ ಗೊತ್ತೇ ಆಗಲಿಲ್ಲ, ನನ್ನ ತುಟಿ ಅವಳ ಹಿಂದಿನಿಂದ ಹೇಳುತ್ತಿತ್ತು, ಟಾಂಕಿಯ ನೀರು ಮೇಲೆ ಬಂದಾಗ ಈ ಎರಡು ತಂತಿಗಳು. ನೀರುಕಡ್ಡಿಯ ವಾಸನೆ ಇನ್ನೂ ಹೋಗದ ಕೈಯಿಂದ ಬಾಯಿ ಮುಚ್ಚಿಕೊಂಡೆ. ಗೋಡೆಯಾಚೆ ಅವಳ ಸ್ವರ ಒಂದೇ ಇತ್ತು, ತೆಳ್ಳಗೆ, ಸ್ವಲ್ಪ ಒಡೆದದ್ದು. ಅದನ್ನು ಅವಳು ಒಬ್ಬಳೇ ಕೇಳಲಿ ಎಂದು ನಾನು ಉಸಿರು ಬಿಗಿಹಿಡಿದು ನಿಂತೆ.